ಮೆಣಸಿನಕಾಯಿ ದರ ಒಂದು ವರ್ಷ ಏರಿ ಮರುವರ್ಷ ಬೀಳೋದು ಯಾಕೆ?

ನಿಮ್ಮ ಪ್ರಶ್ನೆ: 'ಕಾಬ್‌ವೆಬ್ ಸಿದ್ಧಾಂತವನ್ನು ಉದಾಹರಣೆ ಸಹಿತ ವಿವರಿಸಿ.'

ಹಾವೇರಿಯವರು ಇದಕ್ಕೆ ಗೈಡ್ ಯಾಕೆ ಹುಡುಕಬೇಕು? ಬ್ಯಾಡಗಿ ಪಕ್ಕದಲ್ಲೇ ಇದೆ ಅಲ್ವಾ! ಮಳೆಗಾಲದಲ್ಲಿ ಮೆಣಸಿನ ಸಸಿ ಹಚ್ಚುವಾಗ ರೈತರ ಕಣ್ಣ ಮುಂದೆ ಇರೋದು ಹೋದ ಹಂಗಾಮಿನ ದರ. ದರ ಚೆನ್ನಾಗಿತ್ತು ಅಂದರೆ ಹತ್ತಿ, ಗೋವಿನಜೋಳ ಬಿಟ್ಟು ಬಹಳ ಜನ ಇದಕ್ಕೇ ಇಳಿಯುತ್ತಾರೆ. ಆಮೇಲೆ ಚೀಲಗಳೆಲ್ಲ ಒಟ್ಟಿಗೇ ಮಾರುಕಟ್ಟೆಗೆ ಬಂದು ದರ ಕುಸಿಯುತ್ತದೆ. ಮರುವರ್ಷ ಬೆಳೆಯುವವರು ಕಡಿಮೆ, ದರ ಮತ್ತೆ ಮೇಲೆ. ಬೇಡಿಕೆ-ಪೂರೈಕೆಯ ನಕ್ಷೆಯಲ್ಲಿ ಈ ಏರಿಳಿತವನ್ನು ಗೆರೆ ಎಳೆದು ತೋರಿಸಿದರೆ ಅದು ಜೇಡರ ಬಲೆಯಂತೆ (ಇಂಗ್ಲಿಷಿನಲ್ಲಿ ಕಾಬ್‌ವೆಬ್) ಸುತ್ತುತ್ತದೆ. 1934ರಲ್ಲಿ ಈ ಹೆಸರು ಕೊಟ್ಟವರು ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್.

ಅಂಕ ಇರೋದು ಮುಂದಿನ ಮಾತಿಗೆ. ಪೂರೈಕೆಯ ಸ್ಥಿತಿಸ್ಥಾಪಕತ್ವ (ಅಂದರೆ ದರ ಬದಲಾದಾಗ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನೋದು) ಬೇಡಿಕೆಯದ್ದಕ್ಕಿಂತ ಕಡಿಮೆ ಇದ್ದರೆ ಏರಿಳಿತ ಕ್ರಮೇಣ ತಗ್ಗಿ ಸಮತೋಲನಕ್ಕೆ ಬರುತ್ತದೆ. ಜಾಸ್ತಿ ಇದ್ದರೆ ಏರಿಳಿತ ಹಿಗ್ಗುತ್ತಲೇ ಹೋಗುತ್ತದೆ. ಎರಡೂ ಸಮ ಇದ್ದರೆ ಏರಿಳಿತ ತಗ್ಗದೆ, ಹಿಗ್ಗದೆ ಸುಮ್ನೆ ಗಿರಕಿ ಹೊಡೆಯುತ್ತದೆ.

ಒಂದು ಮಿತಿಯನ್ನೂ ಬರೆಯಿರಿ: ಒಣ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇಡಬಹುದು. ಹಾಗಾಗಿ ಬಂದ ಮಾಲೆಲ್ಲ ಆಗಲೇ ಮಾರಾಟವಾಗಬೇಕೆಂದಿಲ್ಲ. ಈ ಲೆಕ್ಕದಲ್ಲಿ ಟೊಮೆಟೊ ಇನ್ನೂ ಒಳ್ಳೆಯ ಉದಾಹರಣೆ.