ಕಡ್ಡಿಪೆಟ್ಟಿಗೆಯೊಳಗಿನ ಹುಳ

ಆತ್ಮೀಯ ಮಾಸ್ತರರೇ,

ನಿಮ್ಮ ಪತ್ರವೂ ಮೂರು ಫೋಟೋಗಳೂ ತಲುಪಿದವು. ಕಪ್ಪತಗುಡ್ಡದ ಈಚೆ, ಡಂಬಳದ ಕಡೆಯ ನಿಮ್ಮ ಶಾಲೆಯ ಹಿಂದೆ ಎಮ್ಮೆ ಕಟ್ಟುವ ಜಾಗವಿದೆ. ಅಲ್ಲಿ ಏಳನೇ ಇಯತ್ತೆಯ ಮಕ್ಕಳು ಹೆಂಡಿ ಕೆದರಿ ಎರಡು ಕರಿ ಹುಳ ಹಿಡಿದಿದ್ದಾರೆ. ಒಂದಕ್ಕೆ ಉದ್ದ ಕೊಂಬು, ಇನ್ನೊಂದಕ್ಕೆ ಇಲ್ಲ. ಕಡ್ಡಿಪೆಟ್ಟಿಗೆಯಲ್ಲಿ ಇಟ್ಟಿದ್ದು ಸತ್ತುಹೋದವು ಎಂದೂ ಬರೆದಿದ್ದೀರಿ. ಫೋನಿನಲ್ಲಿ ಹುಡುಕಿದರೆ ಅಂಥ ಚಿತ್ರ ಸಿಗಲಿಲ್ಲ. ಇದು ಹೊಸ ಪ್ರಭೇದವೇ, ಹೌದಾದರೆ ನಮ್ಮೂರ ಹೆಸರಿಡಬಹುದೇ ಎಂದು ಕೇಳಿದ್ದೀರಿ. ಕೊನೆಯಲ್ಲಿ ಒಬ್ಬ ಹುಡುಗಿಯ ಪ್ರಶ್ನೆ ಇದೆ: "ಹೊಸ ದುಂಬಿ ಕಂಡುಹಿಡಿದರು ಅಂತ ನಿಮ್ಮ ಪತ್ರಿಕೆಯಾಗ ಬರೀತೀರಿ. ನಮ್ಮಜ್ಜ ದಿನಾ ನೋಡೋ ಹುಳ ಹೊಸದು ಹೆಂಗಾಗ್ತದ?"

ಆ ಹುಡುಗಿಗೇ ಮೊದಲು ಉತ್ತರ ಹೇಳುತ್ತೇನೆ. ಅವಳು ಕೇಳಿದ್ದು ಸರಿಯಾಗಿದೆ. ಹುಳ ಹಳೆಯದೇ. ಅವಳ ಅಜ್ಜನಿಗಿಂತ, ನಮ್ಮ ಊರುಗಳಿಗಿಂತ ಹಳೆಯದು. 'ಕಂಡುಹಿಡಿದರು' ಎಂಬ ಪದವನ್ನು ನಾವು ಅವಸರದಲ್ಲಿ ಬಳಸಿದ್ದೇವೆ. 'ವಿವರಿಸಿ ಹೆಸರಿಟ್ಟರು' ಎಂದು ಬರೆಯಬೇಕಿತ್ತು. ಇನ್ನು ಮುಂದೆ ಹಾಗೇ ಬರೆಯುತ್ತೇವೆ. ಈ ಹುಳ ಇಲ್ಲಿಯವರೆಗೆ ಹೆಸರಿಟ್ಟ ಯಾವ ಹುಳವೂ ಅಲ್ಲ ಎಂದು ಒಬ್ಬರು ಪುರಾವೆ ಸಮೇತ ತೋರಿಸಿಕೊಟ್ಟಾಗ ಅದನ್ನು ಹೊಸ ಪ್ರಭೇದ ಅನ್ನುತ್ತಾರೆ.

ಹಾಗೆ ತೋರಿಸಿಕೊಡುವುದೇ ಕಷ್ಟದ ಕೆಲಸ. ಜಗತ್ತಿನಲ್ಲಿ ಹೆಸರು ಪಡೆದ ದುಂಬಿಗಳೇ ಸುಮಾರು 4 ಲಕ್ಷ. ಫೋಟೋ ನೋಡಿದರೆ ನಿಮ್ಮ ಹುಳಗಳು ಒಂಥೋಫಾಗಸ್ ಕುಲದವು ಅನಿಸುತ್ತದೆ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಹೆಂಡಿ ತಿನ್ನುವುದು ಎಂದೇ ಅರ್ಥ. ಆ ಒಂದು ಕುಲದಲ್ಲೇ 2,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಗಿಲ್ಬರ್ಟ್ ಆರೋ ಎಂಬ ಇಂಗ್ಲೆಂಡಿನ ಕೀಟತಜ್ಞರು 1931ರಲ್ಲಿ ನಮ್ಮ ಭಾಗದ ಸಗಣಿ ಹುಳಗಳ ಮೇಲೆ ಒಂದು ದೊಡ್ಡ ಸಂಪುಟ ಬರೆದರು. ಅದನ್ನು ನೋಡಬೇಕು, ಅದರ ನಂತರ ಬಂದ ಲೇಖನಗಳನ್ನೆಲ್ಲ ನೋಡಬೇಕು. ಹತ್ತಿರದ ಹೋಲಿಕೆಯ ಹುಳಗಳ ಮೂಲ ಮಾದರಿಗಳನ್ನೂ, ಅಂದರೆ ಮೊದಲು ಹೆಸರಿಟ್ಟಾಗ ಆಧಾರವಾಗಿ ತೆಗೆದಿಟ್ಟ ಹುಳಗಳನ್ನೂ, ನೋಡಬೇಕು. ಅವುಗಳಲ್ಲಿ ಎಷ್ಟೋ ಯುರೋಪಿನ ಸಂಗ್ರಹಾಲಯಗಳಲ್ಲಿ ಕೂತಿವೆ. ಫೋನಿನಲ್ಲಿ ಚಿತ್ರ ಸಿಗಲಿಲ್ಲ ಅನ್ನುವುದು ಪುರಾವೆ ಆಗುವುದಿಲ್ಲ. ಹೆಸರಿದ್ದೂ ಫೋಟೋ ಇಲ್ಲದ ಹುಳಗಳು ಬೇಕಾದಷ್ಟಿವೆ.

ಕೊಂಬಿನ ವಿಷಯ ಮಕ್ಕಳಿಗೆ ಓದಿ ಹೇಳಿ. ಈ ಹುಳಗಳು ಹೆಂಡಿಯ ಕೆಳಗೆ ಸುರಂಗ ತೋಡುತ್ತವೆ. ಹೆಂಡಿಯನ್ನು ಒಳಗೆ ಒಯ್ದು, ಒತ್ತಿ ಗಟ್ಟಿ ಮಾಡಿ, ಒಂದೊಂದು ಮುದ್ದೆಗೆ ಒಂದೊಂದು ಮೊಟ್ಟೆ ಇಡುತ್ತವೆ. ಮರಿ ಬೆಳೆದು ದುಂಬಿಯಾಗಿ ಹೊರಬರುವವರೆಗೆ ಅದಕ್ಕೆ ಅಷ್ಟೇ ಬುತ್ತಿ. ಈ ಕುಲದ ಎಷ್ಟೋ ಪ್ರಭೇದಗಳಲ್ಲಿ, ಬುತ್ತಿ ಜಾಸ್ತಿ ಸಿಕ್ಕ ಗಂಡು ದೊಡ್ಡದಾಗಿ ಬೆಳೆದು ಉದ್ದ ಕೊಂಬು ಪಡೆಯುತ್ತದೆ. ಕಡಿಮೆ ಸಿಕ್ಕ ತಮ್ಮನಿಗೆ ಸುಮ್ನೆ ಒಂದು ಗುಬುಟು, ಅಷ್ಟೇ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬೇ ಇರುವುದಿಲ್ಲ. ಕೊಂಬಿನವನು ಸುರಂಗದ ಬಾಯಲ್ಲಿ ಕಾವಲು ನಿಂತು ಬೇರೆ ಗಂಡುಗಳ ಜೊತೆ ಗುದ್ದಾಡುತ್ತಾನೆ. ಕೊಂಬಿಲ್ಲದವನು ಪಕ್ಕದಿಂದ ಬೇರೆ ಸುರಂಗ ತೋಡಿ ಹೆಣ್ಣಿನ ಹತ್ತಿರ ನುಸುಳುತ್ತಾನೆ. ಹಾಗಾಗಿ ನಿಮ್ಮ ಪೆಟ್ಟಿಗೆಯಲ್ಲಿ ಇರುವವು ಅಣ್ಣತಮ್ಮಂದಿರೇ ಇರಬಹುದು. ಗಂಡು ಹೆಣ್ಣೂ ಇರಬಹುದು. ಒಂದೇ ಪ್ರಭೇದದ ಸಣ್ಣ ಕೊಂಬಿನ ಗಂಡಿಗೂ ದೊಡ್ಡ ಕೊಂಬಿನ ಗಂಡಿಗೂ ಬೇರೆ ಬೇರೆ ಹೆಸರಿಟ್ಟು, ಮುಂದೆ ಒಂದನ್ನು ಕೈಬಿಟ್ಟದ್ದೂ ಉಂಟು.

ಅದಕ್ಕೇ ಬಲ್ಲವರು ಗಂಡು ಹುಳದ ಹೊಟ್ಟೆ ಬಿಡಿಸಿ ಜನನಾಂಗ ಹೊರತೆಗೆಯುತ್ತಾರೆ. ಅದೊಂದು ಗಟ್ಟಿಯಾದ ಪುಟ್ಟ ಕೊಳವೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಪ್ರಭೇದಗಳಲ್ಲಿ ಬಹಳ ಸಲ ಇದರ ಆಕಾರವೇ ಗುಟ್ಟು ಬಿಟ್ಟುಕೊಡುತ್ತದೆ. ಜೊತೆಗೆ ತಲೆಯ ಅಂಚು, ಬೆನ್ನ ಚಿಪ್ಪಿನ ಮೇಲಿನ ಚುಕ್ಕೆ ಗುಳಿಗಳು, ಗಟ್ಟಿ ರೆಕ್ಕೆಯ ಗೀರುಗಳು, ಮುಂಗಾಲಿನ ಹಲ್ಲುಗಳು, ಇವನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದು ಬರೆಯುತ್ತಾರೆ. ಈಗ ಡಿಎನ್‌ಎ ಕೂಡ ನೋಡುವುದುಂಟು.

ಆಮೇಲೆ ಒಂದೇ ಒಂದು ಹುಳವನ್ನು ಆರಿಸಿ 'ಹೋಲೋಟೈಪ್' ಎಂದು ಚೀಟಿ ಹಚ್ಚುತ್ತಾರೆ. ಹೆಸರು ಆ ಒಂದು ಹುಳಕ್ಕೆ ಕಟ್ಟುಬಿದ್ದಿರುತ್ತದೆ. ಹೊಲದ ಬಾಂದುಕಲ್ಲು ಇದ್ದಂತೆ. ಬದುವಿನ ತಕರಾರು ಬಂದರೆ ಎಲ್ಲರೂ ಆ ಕಲ್ಲಿನ ಹತ್ತಿರ ಹೋಗಿ ನಿಲ್ಲುತ್ತಾರೆ, ಅಲ್ವಾ? ನೂರು ವರ್ಷದ ನಂತರ ಅನುಮಾನ ಬಂದವರು ಆ ಹುಳದ ಹತ್ತಿರ ಹೋಗಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು ಜಾಗ.

ಇಷ್ಟೆಲ್ಲ ಆಗಲು ಎಷ್ಟು ದಿನ ಬೇಕು? ಎಲ್ಲ ಬಗೆಯ ಜೀವಿಗಳನ್ನು ಸೇರಿಸಿ ನೋಡಿದರೆ, ಮಾದರಿ ಕೈಗೆ ಸಿಕ್ಕಾಗಿನಿಂದ ಹೆಸರು ಅಚ್ಚಾಗುವವರೆಗೆ ಸರಾಸರಿ 21 ವರ್ಷ ಎಂದು 2012ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅಷ್ಟೊತ್ತಿಗೆ ನಿಮ್ಮ ಮಕ್ಕಳಿಗೆ ಮೂವತ್ತು ದಾಟಿರುತ್ತದೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಹುಳಗಳು ಡಬ್ಬಿಗಳಲ್ಲಿ ಕಾಯುತ್ತಿವೆ. ಕೂತು ನೋಡಲು ಬಲ್ಲವರು ಸಾಲದು. ನಿಮ್ಮ ತರಗತಿಯಿಂದ ಒಬ್ಬರಾದರೂ ಈ ಕೆಲಸ ಕಲಿತರೆ ಎಷ್ಟು ಚೆನ್ನಾಗಿರುತ್ತದೆ!

ಊರ ಹೆಸರಿಡಬಹುದು. ಊರಿನ ಹೆಸರಿಗೆ 'ಎನ್ಸಿಸ್' ಎಂದು ಲ್ಯಾಟಿನ್ ಬಾಲ ಸೇರಿಸುವುದು ಹಳೆಯ ರೂಢಿ. ವಿವರಣೆ ಬರೆದವರು ಮಾತ್ರ ತಮ್ಮದೇ ಹೆಸರಿಟ್ಟುಕೊಳ್ಳುವುದಿಲ್ಲ.

ಹುಳಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಎಂದು ಊರವರು ಕೇಳಿದರೆ ಆಸ್ಟ್ರೇಲಿಯಾದ ಕಥೆ ಹೇಳಿ. ಅಲ್ಲಿನ ಸಗಣಿ ಹುಳಗಳಿಗೆ ರೂಢಿಯಿದ್ದದ್ದು ಕಾಂಗರೂಗಳ ಒಣ ಹಿಕ್ಕೆ. ಹೊರಗಿನಿಂದ ಬಂದ ದನಗಳ ಹೆಂಡಿ ಮೇವಿನ ನೆಲದ ಮೇಲೆ ಹಾಗೇ ಉಳಿಯಿತು. ಹುಲ್ಲು ಕೆಟ್ಟಿತು, ನೊಣ ವಿಪರೀತ ಆಯಿತು. 1960ರ ದಶಕದ ಕೊನೆಯಿಂದ ಅವರು ಬೇರೆ ದೇಶಗಳಿಂದ ಹುಳ ತರಿಸಿ ಬಿಟ್ಟರು. ಯಾವ ಹವೆಗೆ ಯಾವ ಹುಳ ಎಂದು ಆರಿಸಬೇಕಿದ್ದರೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಹೆಸರಿಟ್ಟಿರಲೇಬೇಕು.

ಈಗ ನೀವು ಮಾಡಬೇಕಾದ್ದು. ಒಂದು ಚೀಟಿಯಲ್ಲಿ ಊರು, ತಾಲ್ಲೂಕು, ಜಿಲ್ಲೆ, ಹಿಡಿದ ತಾರೀಖು, ಹಿಡಿದವರ ಹೆಸರು, ಯಾವ ದನದ ಹೆಂಡಿ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡಿ. ಚೀಟಿ ಇಲ್ಲದ ಹುಳದಿಂದ ಯಾರಿಗೂ ಹೆಚ್ಚು ಉಪಯೋಗವಿಲ್ಲ. ಸೂಜಿ ನೀವು ಚುಚ್ಚಬೇಡಿ. ಅದಕ್ಕೂ ಕ್ರಮವಿದೆ, ದುಂಬಿಗೆ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕವೇ ಚುಚ್ಚುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಒಯ್ದು ತೋರಿಸಿ, ಸಾಧ್ಯವಾದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಇನ್ನಷ್ಟು ಹುಳ ಬೇಕು ಎಂದು ಗುಡ್ಡ ಹತ್ತಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯುವಂತಿಲ್ಲ. ಶಾಲೆಯ ಹಿಂದಿನ ಹೆಂಡಿಯೇ ಸಾಕು.

ಆ ಹುಡುಗಿಗೆ ಇನ್ನೊಂದು ಕೆಲಸ ಹೇಳಿ. ಈ ಹುಳ ಯಾವ ಮಳೆಗೆ ಮೇಲೆ ಬರುತ್ತದೆ, ಎಮ್ಮೆ ಹೆಂಡಿಗೆ ಜಾಸ್ತಿ ಬರುತ್ತದೋ ಆಕಳ ಹೆಂಡಿಗೋ, ಹಗಲಿಗೋ ರಾತ್ರಿಗೋ ಎಂದು ಅವಳು ಅಜ್ಜನನ್ನು ಕೇಳಿ ಬರೆದುಕೊಳ್ಳಲಿ. ಪ್ರಭೇದದ ವಿವರಣೆಗಳಲ್ಲಿ ಮೈಯ ಅಳತೆ ಪುಟಗಟ್ಟಲೆ ಇರುತ್ತದೆ, ಬದುಕಿನ ಬಗ್ಗೆ ಎರಡು ಸಾಲೂ ಇರುವುದಿಲ್ಲ. ಅಜ್ಜ ಹೇಳಿದ್ದನ್ನು ನಮಗೂ ಕಳಿಸಿ, ಅವಳ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

ಪೆಟ್ಟಿಗೆಯನ್ನು ಇವತ್ತೇ ಬಿಸಿಲಿಗಿಟ್ಟು ಒಣಗಿಸಿ, ಒಂದು ಡಾಂಬರು ಗುಳಿಗೆ ಹಾಕಿಡಿ. ಇಲ್ಲದಿದ್ದರೆ ಇರುವೆ ತಿಂದುಬಿಡುತ್ತವೆ.

ಸಂಪಾದಕ