ಹೊಗೆ ಕಂಡ ತಕ್ಷಣ ರಿಂಗ್ ಹೋಗಿದೆ ಅನ್ನಬೇಡಿ

ಈ ಸಲವೂ ಬಂದಿರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಹಳೇ ಬೈಕು, ನೀಲಿ ಹೊಗೆ, ರಿಂಗ್ (ಪಿಸ್ಟನ್ ಸುತ್ತ ಕೂತು ಒತ್ತಡ, ಎಣ್ಣೆ ತಡೆಯುವ ಬಳೆ) ಹಾಕಿಸಲಾ? ಅರ್ಧದಷ್ಟು ಜನ ಗಾಡಿ ಯಾವುದು ಅಂತಲೂ ಬರೆದಿಲ್ಲ. ಒಬ್ಬರು ಮಾತ್ರ ಸರಿಯಾಗಿ ವಿವರ ಕೊಟ್ಟಿದ್ದಾರೆ. ಅವರಿಗೇ ಉದ್ದ ಉತ್ತರ, ಉಳಿದವರು ಅದರಲ್ಲೇ ನಿಮ್ಮದನ್ನೂ ಹುಡುಕಿಕೊಳ್ಳಿ.

ನನ್ನದು 2005ರ ಸ್ಪ್ಲೆಂಡರ್ ಪ್ಲಸ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ನೀಲಿ ಹೊಗೆ ಬಂದು ನಿಲ್ಲುತ್ತದೆ. ಚಾರ್ಮಾಡಿ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಒಮ್ಮೆ ಭುಸ್ಸಂತ ಬರುತ್ತದೆ. ಪಿಕಪ್ ಚೆನ್ನಾಗಿಯೇ ಇದೆ. ಮೆಕ್ಯಾನಿಕ್ ಸೈಲೆನ್ಸರ್‌ಗೆ ಕೈ ಹಿಡಿದು ನೋಡಿ, ರಿಂಗ್ ಹೋಗಿದೆ, ಬ್ಲಾಕ್ ಪಿಸ್ಟನ್ ಕಿಟ್ (ಸಿಲಿಂಡರ್, ಪಿಸ್ಟನ್, ರಿಂಗ್ ಒಟ್ಟಿಗೆ) ಹಾಕಬೇಕು ಅಂದರು. ಹಾಕಿಸಲಾ? — ಕೊಟ್ಟಿಗೆಹಾರದ ಓದುಗರು

ಬೇಡ. ಈಗಲೇ ಬೇಡ.

ಕೈಗೆ ಎಣ್ಣೆ ಅಂಟಿದರೆ ಎಣ್ಣೆ ಉರಿಯುತ್ತಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಅದು ಎಲ್ಲಿಂದ ಬಂತು ಅಂತ ಅಂಗೈ ಹೇಳೋದಿಲ್ಲ. ನೀವು ಬರೆದಿರುವ ಎರಡೂ ಲಕ್ಷಣ ವಾಲ್ವ್ ಸೀಲ್ ಕಡೆಗೆ, ಅಂದರೆ ವಾಲ್ವ್ ಕಡ್ಡಿಗುಂಟ ಎಣ್ಣೆ ಇಳಿಯದಂತೆ ತಡೆಯುವ ರಬ್ಬರ್ ಟೋಪಿ ಕಡೆಗೆ ಬೆರಳು ಮಾಡುತ್ತಿವೆ. ರಾತ್ರಿಯೆಲ್ಲಾ ಗಾಡಿ ನಿಂತಾಗ ಹೆಡ್‌ನಲ್ಲಿರುವ (ವಾಲ್ವ್ ಕೂತಿರುವ ಎಂಜಿನ್ ತಲೆ) ಎಣ್ಣೆ ಗಟ್ಟಿಯಾದ ಹಳೇ ಸೀಲ್ ದಾಟಿ ವಾಲ್ವ್ ಕಡ್ಡಿಗುಂಟ ಇಳಿಯುತ್ತದೆ, ಬೆಳಿಗ್ಗೆ ಅದೇ ಉರಿದು ಮುಗಿಯುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರ್‌ನಲ್ಲೇ ಬರುವಾಗ ಕಾರ್ಬುರೇಟರ್ ಆಚೆಗಿನ ಇನ್‌ಲೆಟ್ ದಾರಿಯಲ್ಲಿ ಜೋರು ನಿರ್ವಾತ ಆಗಿ, ಅದೇ ಸೀಲ್ ದಾಟಿ ಎಣ್ಣೆ ಒಳಗೆ ಎಳೆಯುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಭುಸ್ ಅನ್ನೋದು ಅದು. ರಿಂಗ್ ಸವೆದ ಗಾಡಿಯ ಹೊಗೆ ಬೇರೆ ಥರ. ಏರಿನಲ್ಲಿ ಎಂಜಿನ್‌ಗೆ ಭಾರ ಬಿದ್ದಾಗ ಬಿಡದೆ ಬರುತ್ತದೆ, ಎಂಜಿನ್ ಬಿಸಿಯಾಗಿ ಎಣ್ಣೆ ತೆಳ್ಳಗಾದಂತೆ ಜಾಸ್ತಿಯಾಗುತ್ತದೆ. ಹಾಗಂತ ಹೊಗೆಯನ್ನೇ ಪೂರ್ತಿ ನಂಬಬೇಡಿ, ಆಯಿಲ್ ರಿಂಗ್ (ಸಿಲಿಂಡರ್ ಗೋಡೆಯ ಎಣ್ಣೆ ಒರೆಸುವ ರಿಂಗ್) ಸವೆದರೂ ಇಳಿಜಾರಿನ ನಂತರ ಹೊಗೆ ಬರಬಹುದು. ಅದಕ್ಕೇ ಅಳತೆ ಬೇಕು.

ಮೊದಲು ಟಪೆಟ್ (ವಾಲ್ವ್ ತುದಿಯಲ್ಲಿ ಬಿಡುವ ಸಂದಿ) ಸರಿಮಾಡಿಸಿ, ಎಂಜಿನ್ ತಣ್ಣಗಿರುವಾಗ. ಟಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚೋದಿಲ್ಲ, ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಏಳುವ ಒತ್ತಡ) ಇಳಿಯುತ್ತದೆ, ಆ ತಪ್ಪನ್ನೂ ಪಾಪ ರಿಂಗ್ ಮೇಲೆ ಹಾಕುತ್ತಾರೆ. ಆಮೇಲೆ ಒಂದು ಸುತ್ತು ಓಡಿಸಿ ಬಿಸಿ ಮಾಡಿ, ಕೀ ಆಫ್ ಮಾಡಿ, ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ ಹಾಕಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರೋದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಆಕ್ಸಿಲರೇಟರ್ ಕೊಡದೆ ಕಿಕ್ ಹೊಡೆದು ಕಂಪ್ರೆಷನ್ ಇಲ್ಲ ಅನ್ನೋರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಾಳಿಯೇ ಒಳಗೆ ಹೋಗದಿದ್ದರೆ ಒತ್ತಡ ಎಲ್ಲಿಂದ ಬರಬೇಕು?

ಬಂದ ಸಂಖ್ಯೆ ಬರೆದಿಟ್ಟುಕೊಂಡು, ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮೊದಲು 90 ಪಿಎಸ್‌ಐ (ಒತ್ತಡದ ಅಳತೆ) ಇದ್ದದ್ದು 130ಕ್ಕೆ ಹಾರಿದರೆ ಎಣ್ಣೆ ರಿಂಗ್ ಸಂದಿ ಮುಚ್ಚಿತು ಅಂತ ಅರ್ಥ, ಸೋರಿಕೆ ಅಲ್ಲೇ. 90 ಇದ್ದದ್ದು 95 ಆದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿ. ಇಲ್ಲಿ ಒಂದು ಮಾತು, ಯಾರೂ ಹೇಳೋದಿಲ್ಲ. ಸ್ಪ್ಲೆಂಡರ್ ಬ್ಲಾಕ್ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿದೆ. ಬಿಟ್ಟ ಎಣ್ಣೆ ಕೆಳಗಡೆ ನಿಂತು ಮೇಲಿನ ಸಂದಿ ಹಾಗೇ ಉಳಿಯುತ್ತದೆ. ಅದಕ್ಕೆ ಗೇಜ್ ಹಾಕುವ ಮುಂಚೆ ಕೆಲವು ಸಲ ಮೆಲ್ಲಗೆ ಕಿಕ್ಕರ್ ತುಳಿದು ಎಣ್ಣೆ ಹರಡಿಸಿ. ಜಾಸ್ತಿ ಎಣ್ಣೆ ಸುರಿಯಬೇಡಿ, ಎಣ್ಣೆಯೇ ಜಾಗ ತುಂಬಿ ಸುಳ್ಳು ಸಂಖ್ಯೆ ತೋರಿಸುತ್ತದೆ.

ಎರಡೂ ಸಲ ಚೆನ್ನಾಗಿಯೇ ಬಂತು, ಆದರೂ ಏರಿನಲ್ಲಿ ಹೊಗೆ? ಆಗ ಮೂರನೇ ರಿಂಗ್, ಅಂದರೆ ಆಯಿಲ್ ರಿಂಗ್, ಇದ್ದಿಲು ಕಟ್ಟಿ ಹಿಡಿದಿರಬಹುದು. ಕಂಪ್ರೆಷನ್ ಗೇಜ್‌ಗೆ ಆ ರಿಂಗ್ ಗೊತ್ತೇ ಆಗೋದಿಲ್ಲ. ಬಿಚ್ಚಲೇಬೇಕು.

ಬಿಚ್ಚುವ ದಿನ ನೀವು ಗ್ಯಾರೇಜ್‌ನಲ್ಲೇ ನಿಂತಿರಿ. ಹಳೇ ಮೇಲಿನ ರಿಂಗನ್ನು ಬೋರ್ (ಸಿಲಿಂಡರ್ ತೂತು) ಒಳಗೆ ಪಿಸ್ಟನ್‌ನಿಂದಲೇ ನೇರವಾಗಿ ತಳ್ಳಿ, ರಿಂಗ್‌ನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ಅಂತ ಹೇಳಿ. ಹೊಸ ರಿಂಗ್‌ಗೆ ಇದು ಮಿಲಿಮೀಟರ್‌ನ ಕಾಲು ಭಾಗದ ಆಸುಪಾಸು. ಅರ್ಧ ಮಿಲಿಮೀಟರ್ ದಾಟಿದರೆ ರಿಂಗ್ ಕೆಲಸ ಮುಗಿದಿದೆ. ಆಮೇಲೆ ಅದೇ ರಿಂಗನ್ನು ಬೋರ್‌ನ ಎರಡು ಕಡೆ ಅಳೆಯಿರಿ: ರಿಂಗ್ ಓಡಾಡದ ತಳದಲ್ಲಿ ಒಮ್ಮೆ, ಸವೆತ ಜಾಸ್ತಿ ಇರುವ ಮೇಲ್ಭಾಗದಲ್ಲಿ ಒಮ್ಮೆ. ವ್ಯತ್ಯಾಸವನ್ನು ಮೂರರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಅಂತ ಸುಮಾರಾಗಿ ಸಿಗುತ್ತದೆ. ಸಂದಿ 0.3 ಮಿಲಿಮೀಟರ್ ಜಾಸ್ತಿಯಾದರೆ ಬೋರ್ 0.1 ಸವೆದಿದೆ. ಅಂಥ ಬೋರ್‌ಗೆ ಬರೀ ಹೊಸ ರಿಂಗ್ ಹಾಕೋದು ದುಡ್ಡು ದಂಡ. ಲೇತ್‌ಗೆ ಕೊಟ್ಟು 0.25 ಓವರ್‌ಸೈಜ್‌ಗೆ, ಅಂದರೆ 0.25 ಮಿಲಿಮೀಟರ್ ದೊಡ್ಡದಾಗಿ ಬೋರ್ ಮಾಡಿಸಿ, ಪಿಸ್ಟನ್ನೂ ರಿಂಗೂ ಅದೇ ಸೈಜಿನವು ತನ್ನಿ. ಇಲ್ಲವೇ ಒಳ್ಳೆ ಕಂಪನಿಯ ಬ್ಲಾಕ್ ಕಿಟ್. ಬೋರ್ ಸರಿಯಿದ್ದರೆ ಹೋನಿಂಗ್ (ಗೋಡೆಗೆ ಕಲ್ಲಿನಿಂದ ಸಣ್ಣ ಗೀರು ಹಾಕೋದು) ಮಾಡಿಸಿ ರಿಂಗ್ ಹಾಕಿದರೆ ಸಾಕು.

ನಿಮ್ಮ ಗಾಡಿ ಇಷ್ಟು ದೂರ ಹೋಗೋದಿಲ್ಲ ಅಂತ ನನ್ನ ಅಂದಾಜು. ಸೀಲ್ ಹಾಕಿಸಿ, ವಾಲ್ವ್ ಗೈಡ್‌ನಲ್ಲಿ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ಅಲುಗಾಟ ಇದೆಯಾ ನೋಡಿಸಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಈ ಎಂಜಿನ್‌ನಲ್ಲಿ ಇರೋದೇ ಸುಮಾರು ಒಂದು ಲೀಟರ್, ಕಾಲು ಲೀಟರ್ ಕಮ್ಮಿಯಾದರೂ ವಾಲ್ವ್ ತೆರೆಯುವ ಕ್ಯಾಮ್‌ಗೆ ಏಟು.

ಡಿಪ್‌ಸ್ಟಿಕ್ ತೆಗೆದರೆ ಹೊಗೆ ಪುಸುಪುಸು ಬರುತ್ತದೆ, ರಿಂಗ್ ಅಲ್ವಾ?

ಪಿಸ್ಟನ್ ಮೇಲೆ ಕೆಳಗೆ ಆಡಿದರೆ ಕೆಳಗಿನ ಗಾಳಿಯೂ ಆಡುತ್ತದೆ. ಸ್ವಲ್ಪ ಎಲ್ಲಾ ಗಾಡಿಯಲ್ಲೂ ಬರುತ್ತದೆ. ದಟ್ಟವಾಗಿ, ಎಣ್ಣೆ ಚಿಮ್ಮಿಸಿಕೊಂಡು ಬಂದರೆ ಮಾತ್ರ ಮೇಲಿನ ಪರೀಕ್ಷೆ ಮಾಡಿ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದೆಯಾ ಅದನ್ನೂ ನೋಡಿ.

ಆರ್‌ಎಕ್ಸ್ 100 ಹೊಗೆ ಬಿಡುತ್ತದೆ, ರಿಂಗಾ?

ಅದು ಟೂ ಸ್ಟ್ರೋಕ್ ಸ್ವಾಮಿ, ಎಣ್ಣೆ ಸುಡೋದೇ ಅದರ ಕೆಲಸ. ಹೊಗೆ ವಿಪರೀತವಾಗಿ, ಗೇರ್ ಆಯಿಲ್ ಕೂಡ ಕಮ್ಮಿಯಾಗುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿಸಿ.

ಹಳೇ ಕಬ್ಬಿಣದ ಬ್ಲಾಕಿನ ಬುಲೆಟ್, ತಿಂಗಳು ನಿಲ್ಲಿಸಿ ತೆಗೆದರೆ ಮೋಡದಂತೆ ಹೊಗೆ.

ಆಯಿಲ್ ಟ್ಯಾಂಕಿನಿಂದ ಎಣ್ಣೆ ಇಳಿದು ಕ್ರ್ಯಾಂಕ್ ಹತ್ತಿರ ತುಂಬಿಕೊಂಡಿದೆ. ಸ್ವಲ್ಪ ಹೊತ್ತು ಓಡಿ ನಿಂತರೆ ರಿಂಗ್ ಮುಟ್ಟಬೇಡಿ. ನಿಂತ ಗಾಡಿಯಲ್ಲಿ ಲೆವೆಲ್ ಕಮ್ಮಿ ಕಂಡಿತು ಅಂತ ಮೇಲಿಂದ ಎಣ್ಣೆ ಹಾಕಲೂಬೇಡಿ.

ರಿಂಗ್ ಸರಿಮಾಡುವ ಬಾಟಲಿ ಔಷಧಿ ಹಾಕಬಹುದಾ? ದಪ್ಪ ಆಯಿಲ್?

ಸವೆದ ಲೋಹ ಬಾಟಲಿಯಿಂದ ಬೆಳೆಯೋದಿಲ್ಲ. ದಪ್ಪ ಆಯಿಲ್ ಹಾಕಿ ಗಾಡಿ ಮಾರೋರು ಇದ್ದಾರೆ, ಕೊಳ್ಳುವಾಗ ಹುಷಾರು.

ಡೀಸೆಲ್ ಹಾಕಿ ಎಂಜಿನ್ ತೊಳೆದರೆ ರಿಂಗ್ ಬಿಡಿಸಿಕೊಳ್ಳುತ್ತದಂತೆ?

ಬೇರಿಂಗ್ ಕೂಡ ಬಿಡಿಸಿಕೊಳ್ಳುತ್ತದೆ.

ಹೊಸ ಕಿಟ್ ಹಾಕಿಸಿ 50 ಕಿಲೋಮೀಟರ್ ಆಯಿತು, ಇನ್ನೂ ಹೊಗೆ ಇದೆ.

ರಿಂಗ್ ಕೂರಲು ಟೈಮ್ ಕೊಡಿ. 500 ಕಿಲೋಮೀಟರ್ ಆದಮೇಲೂ ಇದ್ದರೆ, ಹೆಡ್ ಬಿಚ್ಚಿದ್ದಾಗ ವಾಲ್ವ್ ಸೀಲ್ ಬದಲಿಸಿದ್ರಾ ಅಂತ ನಿಮ್ಮ ಮೆಕ್ಯಾನಿಕ್‌ನನ್ನು ಕೇಳಿ. ಬಿಲ್‌ನಲ್ಲಿ ಇದೆಯಾ ಅಂತಲೂ ನೋಡಿ.