ಓದುಗರ ಪ್ರಶ್ನೆಗೆ ಉತ್ತರ: ಡೆವಿನ್ ಹೆಸ್ಟರ್ ಕೈಗೆ ಚೆಂಡು ಸಿಕ್ಕರೆ

ಪ್ರಶ್ನೆ: ಮಗಳ ಮನೆಗೆಂದು ಶಿಕಾಗೋಗೆ ಹೋಗಿದ್ದೆ. ಅಳಿಯ ಅಮೆರಿಕನ್ ಫುಟ್‌ಬಾಲ್ ತೋರಿಸಿದರು. ಶಿಕಾಗೋ ಬೇರ್ಸ್ ತಂಡದ ಡೆವಿನ್ ಹೆಸ್ಟರ್ ಹೆಸರು ಎತ್ತಿದರೆ ಸಾಕು, ಅವರ ಮುಖ ಅರಳುತ್ತದೆ. ಆದರೆ ವೈಡ್ ರಿಸೀವರ್ ಆಗಿ, ಅಂದರೆ ತಮ್ಮ ತಂಡದವರು ಎಸೆದ ಚೆಂಡು ಹಿಡಿಯುವವರಾಗಿ, ಹೆಸ್ಟರ್ ಸಾಧಾರಣ ಅಂತ ಅವರೇ ಹೇಳುತ್ತಾರೆ. ಹಾಗಿದ್ದರೆ ಇಷ್ಟು ಅಭಿಮಾನ ಯಾಕೆ? (ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಅಳಿಯ ಹೇಳಿದ ಎರಡೂ ಮಾತು ನಿಜ. ಹೆಸ್ಟರ್ ಹೆಸರು ಮಾಡಿದ್ದು ಕಿಕ್ ರಿಟರ್ನರ್ ಆಗಿ. ಎದುರಾಳಿಗಳು ಒದ್ದ ಚೆಂಡನ್ನು ಹಿಡಿದು, ಅವರನ್ನೇ ದಾಟಿಕೊಂಡು ಓಡುವ ಕೆಲಸ ಇದು. ಚೆಂಡು ಮೇಲಿಂದ ಬೀಳುತ್ತಿರುತ್ತದೆ, ಕಣ್ಣು ಅದರ ಮೇಲೇ ಇರಬೇಕು. ಅಷ್ಟರಲ್ಲಿ ಎದುರಿನವರು ಪೂರ್ತಿ ವೇಗದಲ್ಲಿ ಮೈಮೇಲೆ ನುಗ್ಗುತ್ತಿರುತ್ತಾರೆ. ಕಬಡ್ಡಿಯಲ್ಲಿ ರೈಡರ್ ಒಬ್ಬನೇ ಏಳು ಜನರ ನಡುವೆ ಹೋಗುತ್ತಾನಲ್ಲ, ಆ ಧೈರ್ಯವೇ ಇಲ್ಲೂ ಬೇಕು. ಒಂದಷ್ಟು ಗಜ ಗಿಟ್ಟಿಸಿ ಕೆಳಗೆ ಬಿದ್ದರೂ ಹೆಚ್ಚಿನವರಿಗೆ ಸಮಾಧಾನ. ಹೆಸ್ಟರ್ ಮಾತ್ರ ಪ್ರತಿ ಸಲವೂ ಕೊನೆ ಗೆರೆ ಮುಟ್ಟಲೆಂದೇ ಓಡುತ್ತಿದ್ದರು.

ಅವರು ಫ್ಲಾರಿಡಾದ ರಿವಿಯೆರಾ ಬೀಚ್‌ನವರು, ಮಯಾಮಿ ವಿಶ್ವವಿದ್ಯಾಲಯದ ಹುಡುಗ. 2006ರಲ್ಲಿ ಹೊಸ ಆಟಗಾರರ ವಾರ್ಷಿಕ ಆಯ್ಕೆಯ (ಡ್ರಾಫ್ಟ್) ಎರಡನೇ ಸುತ್ತಿನಲ್ಲಿ ಬೇರ್ಸ್ ತಂಡ ಆರಿಸಿಕೊಂಡಿತು. ಆ ಮೊದಲ ವರ್ಷದ ಒಂದು ಓಟವನ್ನು ನೀವು ಹುಡುಕಿ ನೋಡಲೇಬೇಕು. ನವೆಂಬರ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧದ ಪಂದ್ಯ. ಜೈಂಟ್ಸ್ ತಂಡದ ಜೇ ಫೀಲಿ 52 ಗಜದಿಂದ ಫೀಲ್ಡ್ ಗೋಲ್‌ಗೆ, ಅಂದರೆ ಎರಡು ಕಂಬಗಳ ನಡುವೆ ಚೆಂಡು ದಾಟಿಸಲು, ಒದ್ದರು. ಚೆಂಡು ಕಂಬದವರೆಗೂ ಹೋಗಲಿಲ್ಲ. ಹಿಂದೆ ನಿಂತಿದ್ದ ಹೆಸ್ಟರ್ ಅದನ್ನು ಹಿಡಿದರು. ಹಿಡಿದವರು, ಆಟ ಮುಗಿಯಿತು ಅನ್ನುವ ಹಾಗೆ ನಿಧಾನಕ್ಕೆ ಎರಡು ಹೆಜ್ಜೆ ಹಾಕಿದರು. ಎದುರಿನವರೂ ಹಾಗೇ ಅಂದುಕೊಂಡರು. ಆಮೇಲೆ ಒಮ್ಮೆಗೇ ಓಟ ಕಿತ್ತರು! ಫೀಲ್ಡ್ ಗೋಲ್ ಒದೆಯುವಾಗ ಮೈದಾನದಲ್ಲಿ ಇರುವವರು ಹೆಚ್ಚಾಗಿ ಭಾರೀ ದೇಹದವರು, ಚೆಂಡು ಒದೆಯುವವನಿಗೆ ಅಡ್ಡಗೋಡೆಯಾಗಿ ನಿಲ್ಲುವವರು. ಅವರಿಂದ ಹೆಸ್ಟರ್‌ರನ್ನು ಅಟ್ಟಿಸಿಕೊಂಡು ಹೋಗೋದು ಆಗುತ್ತಾ? 108 ಗಜ ಓಡಿ, ಕೊನೆ ಗೆರೆ ದಾಟಿ ಟಚ್‌ಡೌನ್ ಹೊಡೆದರು. ವೇಗ ಎಷ್ಟೋ ಜನರಿಗೆ ಇರುತ್ತದೆ. ಆ ಎರಡು ಹೆಜ್ಜೆಯ ಬುದ್ಧಿ ಎಲ್ಲರಿಗೂ ಇರುವುದಿಲ್ಲ.

ಅದೇ ಸೀಸನ್‌ನ ಫೈನಲ್, ಅಂದರೆ ಸೂಪರ್ ಬೌಲ್, 2007ರ ಫೆಬ್ರವರಿ 4ರಂದು ಮಯಾಮಿಯಲ್ಲಿ ನಡೆಯಿತು. ಮಳೆ ಸುರಿಯುತ್ತಿತ್ತು. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಒದ್ದ ಮೊದಲ ಚೆಂಡನ್ನೇ ಹೆಸ್ಟರ್ ಹಿಡಿದು 92 ಗಜ ಓಡಿಬಿಟ್ಟರು. ಪಂದ್ಯ ಶುರುವಾಗಿ 14 ಸೆಕೆಂಡ್ ಆಗಿತ್ತು, ಅಷ್ಟೆ. ಸೂಪರ್ ಬೌಲ್‌ನ ಮೊದಲ ಒದೆತದಲ್ಲೇ ಟಚ್‌ಡೌನ್ ಬಂದದ್ದು ಅದೇ ಮೊದಲು. ಆಮೇಲೆ ಕೋಲ್ಟ್ಸ್‌ನವರು ಅವರ ಕೈಗೆ ಚೆಂಡು ಸಿಗದ ಹಾಗೆ ನೆಲಕ್ಕೆ ತಾಗಿಸಿ, ಗಿಡ್ಡವಾಗಿ ಒದೆಯತೊಡಗಿದರು. ಪಂದ್ಯವನ್ನು 29-17ರಿಂದ ಕೋಲ್ಟ್ಸ್ ಗೆದ್ದಿತು, ಅದು ಬೇರೆ ಮಾತು. ಒಬ್ಬ ಆಟಗಾರನಿಗೆ ಹೆದರಿ ಒಂದಿಡೀ ತಂಡ ಒದೆಯುವ ರೀತಿಯನ್ನೇ ಬದಲಿಸುತ್ತದಲ್ಲ, ಅದು ಯಾವ ಅಂಕಿ-ಅಂಶದಲ್ಲೂ ಕಾಣುವುದಿಲ್ಲ. ಶಿಕಾಗೋದವರ ಅಭಿಮಾನ ಇರುವುದು ಅಲ್ಲೇ.

ಪ್ರಶ್ನೆ: ಅಷ್ಟು ವೇಗ ಇದ್ದವರು ವೈಡ್ ರಿಸೀವರ್ ಆಗಿ ಯಾಕೆ ಮೇಲೆ ಬರಲಿಲ್ಲ?

ಉತ್ತರ: ಅವರನ್ನು ತಂಡಕ್ಕೆ ತಂದದ್ದು ಕಾರ್ನರ್‌ಬ್ಯಾಕ್ ಆಗಿ, ಅಂದರೆ ಎದುರಾಳಿ ರಿಸೀವರ್‌ಗಳನ್ನು ತಡೆಯುವ ಕೆಲಸಕ್ಕೆ. 2007ರಲ್ಲಿ ಕೋಚ್ ಲವಿ ಸ್ಮಿತ್ ಅವರನ್ನು ರಿಸೀವರ್ ಮಾಡಿದರು. ಚೆಂಡು ಜಾಸ್ತಿ ಸಲ ಅವರ ಕೈಗೆ ಸಿಗಲಿ ಅನ್ನುವ ಆಸೆ. ತಪ್ಪೇನಲ್ಲ. ಆದರೆ ರಿಸೀವರ್ ಕೆಲಸವೇ ಬೇರೆ. ಎಷ್ಟು ಹೆಜ್ಜೆಗೆ ತಿರುಗಬೇಕು, ಯಾವ ಕಡೆ, ಯಾವ ಕ್ಷಣಕ್ಕೆ, ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ನೀವು ತಿರುಗುವ ಮೊದಲೇ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದಿರುತ್ತಾನೆ. ಇದು ವರ್ಷಗಟ್ಟಲೆ ಕಲಿಯುವ ವಿದ್ಯೆ. ಹೆಸ್ಟರ್‌ಗೆ ಒಲಿದಿದ್ದು ಕ್ಷಣದಲ್ಲಿ ಸಂದಿ ಕಂಡು ನುಗ್ಗುವ ಕಲೆ.

ಆದರೂ ಕಡೆಗಣಿಸುವ ಹಾಗಿಲ್ಲ. 2009ರಲ್ಲಿ 57 ಕ್ಯಾಚ್, 757 ಗಜ. ಒಟ್ಟು 255 ಕ್ಯಾಚ್, 16 ಟಚ್‌ಡೌನ್. ಒಳ್ಳೆಯ ಆಟಗಾರನ ಲೆಕ್ಕವೇ ಇದು. ನನಗೆ ಬೇಜಾರು ಬೇರೆ ವಿಷಯಕ್ಕೆ. 2006ರಲ್ಲಿ ಆರು, 2007ರಲ್ಲಿ ಆರು ರಿಟರ್ನ್ ಟಚ್‌ಡೌನ್ ಹೊಡೆದವರು, ರಿಸೀವರ್ ಆಗಿ ಪೂರ್ತಿ ತೊಡಗಿಕೊಂಡ 2008 ಮತ್ತು 2009ರಲ್ಲಿ ಒಂದೂ ಹೊಡೆಯಲಿಲ್ಲ. ಎದುರಾಳಿಗಳ ಎಚ್ಚರಿಕೆಯೂ ಕಾರಣ ಇರಬಹುದು. ಆದರೆ ದಣಿದ ಕಾಲಿಗೆ ಆ ಚುರುಕು ಎಲ್ಲಿಂದ ಬರಬೇಕು? ನನ್ನನ್ನು ಕೇಳಿದರೆ, ಅವರನ್ನು ರಿಟರ್ನರ್ ಆಗಿಯೇ ಬಿಡಬೇಕಿತ್ತು. 2010 ಮತ್ತು 2011ರಲ್ಲಿ ಮತ್ತೆ ಮೂರು ಮೂರು ಬಂದವು.

2014ರಲ್ಲಿ ಅಟ್ಲಾಂಟಾ ಫಾಲ್ಕನ್ಸ್‌ಗೆ ಹೋದ ಮೇಲೆ, ಟ್ಯಾಂಪಾ ಬೇ ವಿರುದ್ಧ 62 ಗಜದ ಪಂಟ್ ರಿಟರ್ನ್‌ನಿಂದ (ಪಂಟ್ ಅಂದರೆ ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದೆಯುವುದು) 20ನೇ ರಿಟರ್ನ್ ಟಚ್‌ಡೌನ್ ಆಯಿತು. ಹಿಂದಿನ ತಾರೆ ಡಿಯಾನ್ ಸ್ಯಾಂಡರ್ಸ್ ದಾಖಲೆ ಮುರಿದದ್ದು ಆಗಲೇ. ಸ್ಯಾಂಡರ್ಸ್ ಅಂದರೆ ಹೆಸ್ಟರ್‌ಗೆ ಗುರುವಿನ ಹಾಗೆ. ಕೊನೆ ಗಜಗಳನ್ನು ಸ್ಯಾಂಡರ್ಸ್ ಶೈಲಿಯಲ್ಲೇ ಮೊಣಕಾಲು ಎತ್ತೆತ್ತಿ ಓಡಿದರು. ಎಷ್ಟು ಚೆಂದದ ವಂದನೆ ಅಲ್ವಾ!

ಪ್ರಶ್ನೆ: ಆಟದ ಶ್ರೇಷ್ಠರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಹೆಸ್ಟರ್‌ಗೆ ತಡವಾಗಿ ಸಿಕ್ಕಿತಂತೆ, ಹೌದೇ?

ಉತ್ತರ: ಹೌದು. 2022ರಲ್ಲೇ ಅರ್ಹತೆ ಇತ್ತು, ಸಿಕ್ಕಿದ್ದು 2024ರಲ್ಲಿ, ಮೂರನೇ ಸಲಕ್ಕೆ. ಮುಖ್ಯವಾಗಿ ರಿಟರ್ನರ್ ಆಗಿ ಆಡಿ, ಹಾಲ್ ಆಫ್ ಫೇಮ್ ಇರುವ ಕ್ಯಾಂಟನ್ ಊರಿನ ಆ ಸಾಲಿಗೆ ಸೇರಿದ ಮೊದಲಿಗರು ಹೆಸ್ಟರ್. ಪಂದ್ಯದಲ್ಲಿ ಕೆಲವೇ ಸಲ ಮೈದಾನಕ್ಕೆ ಇಳಿಯುವವರಿಗೆ ಇಷ್ಟು ದೊಡ್ಡ ಗೌರವ ಯಾಕೆ ಅನ್ನುವ ವಾದ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಆ ಕೆಲವೇ ಸಲಕ್ಕೆ ಎದುರಾಳಿಗಳು ವಾರವಿಡೀ ತಯಾರಿ ನಡೆಸಬೇಕಿತ್ತಲ್ಲ? 2011ರಲ್ಲಿ ಕಿಕ್‌ಆಫ್ (ಆಟ ಶುರು ಮಾಡುವ ಒದೆತ) ಜಾಗವನ್ನು 30ನೇ ಗಜದಿಂದ 35ಕ್ಕೆ ತಂದ ಮೇಲೆ ಚೆಂಡು ಹಿಂದಿನ ಗೆರೆ ದಾಟಿ ಹೋಗುವುದೇ ಜಾಸ್ತಿಯಾಯಿತು, ಓಡುವ ಅವಕಾಶ ಕಡಿಮೆಯಾಯಿತು. 2024ರ ಹೊಸ ನಿಯಮದಿಂದ ಕಿಕ್‌ಆಫ್ ಓಟಗಳು ಮತ್ತೆ ಹೆಚ್ಚಿವೆ. ಪಂಟ್ ಹಿಡಿದು ಹೊಡೆದ ಅವರ 14 ಟಚ್‌ಡೌನ್‌ಗಳ ದಾಖಲೆಯನ್ನು ಮುರಿಯಬೇಕಾದರೆ ಮಾತ್ರ ಇಂದಿನ ಹುಡುಗರು ಬಹಳ ದೂರ ಓಡಬೇಕು.